ಕಿಡಿಗೆ ಕಿವಿಗೊಟ್ಟವರು

ನನ್ನ ಸೋದರಮಾವ ಸರಕು ಹಡಗುಗಳಲ್ಲಿ ರೇಡಿಯೊ ಆಫೀಸರ್ ಆಗಿದ್ದರು. ರಜೆಯಲ್ಲಿ ಕುಂದಾಪುರದ ಮನೆಗೆ ಬಂದಾಗ, ಮಳೆಗಾಲಕ್ಕೆ ಇನ್ನೇನು ಹತ್ತು ದಿನವಿದೆ ಎನ್ನುವ ಸಂಜೆಗಳಲ್ಲಿ, ಅವರು ಜಗಲಿಯ ಮೇಲೆ ಕುಳಿತು ಟ್ರಾನ್ಸಿಸ್ಟರಿನ ಮುಳ್ಳನ್ನು ಮೀಡಿಯಂ ವೇವ್‌ನಲ್ಲಿ ಯಾವ ನಿಲಯವೂ ಸಿಗದ ಖಾಲಿ ಜಾಗಕ್ಕೆ ತಂದು ನಿಲ್ಲಿಸುತ್ತಿದ್ದರು. ಚಿತ್ರಗೀತೆಗಾಗಿ ಕಾಯುತ್ತಿದ್ದ ನಮಗೆ ಅದು ಸಿಟ್ಟು ಬರಿಸುತ್ತಿತ್ತು. ಸ್ವಲ್ಪ ಹೊತ್ತಿನ ಮೌನದ ನಂತರ ಡಬ್ಬಿಯೊಳಗಿಂದ ‘ಚರ್’ ಎಂದು ಒಂದು ಸದ್ದು, ಮತ್ತೆ ಮೌನ, ಮತ್ತೆ ಎರಡು ಸದ್ದು. ಕಡಲಿನ ಮೇಲೆ ಮೋಡವೇ ಕಾಣಿಸದಿದ್ದರೂ ಬಹುದೂರದಲ್ಲೆಲ್ಲೋ ಹೊಡೆಯುತ್ತಿದ್ದ ಸಿಡಿಲು ಹೀಗೆ ನಮ್ಮ ಜಗಲಿಗೆ ಮೊದಲೇ ಬಂದು ಮುಟ್ಟುತ್ತಿತ್ತು. ಹಾಡಿನ ನಡುವೆ ಬಂದರೆ ಇದನ್ನೇ ನಾವು ‘ಡಿಸ್ಟರ್ಬೆನ್ಸ್’ ಎಂದು ಬೈಯುತ್ತಿದ್ದೆವು.

ರೇಡಿಯೊದ ಆರಂಭದ ಇತಿಹಾಸವನ್ನು ಓದತೊಡಗಿದ ಮೇಲೆ ನನಗೆ ಗೊತ್ತಾದದ್ದೇನೆಂದರೆ, ಮೊದಲ ಸುಮಾರು ಇಪ್ಪತ್ತು ವರ್ಷಗಳ ಕಾಲ ರೇಡಿಯೊ ಎಂದರೆ ಹೆಚ್ಚುಕಡಿಮೆ ಆ ಸದ್ದೇ. ಆಗ ಮನುಷ್ಯರು ಕಳುಹಿಸುತ್ತಿದ್ದುದು ಕಿಡಿಯನ್ನು, ಅಂದರೆ ಚಿಕ್ಕದೊಂದು ಸಿಡಿಲನ್ನು. ಈ ಕತೆಯನ್ನು ಸಾಮಾನ್ಯವಾಗಿ ಯಾರು ಮೊದಲು ಕಳುಹಿಸಿದರು, ಎಷ್ಟು ದೂರ ಕಳುಹಿಸಿದರು ಎಂದೇ ಹೇಳಲಾಗುತ್ತದೆ. ಕಿಡಿ ಹಾರಿಸುವ ಉಪಕರಣವಾದರೋ ಮೊದಲಿನಿಂದಲೂ ಪ್ರಯೋಗಶಾಲೆಗಳಲ್ಲಿ ಬಿದ್ದುಕೊಂಡಿತ್ತು. ಅದನ್ನು ದೂರದಿಂದ ಕೇಳಿಸಿಕೊಳ್ಳುವ ಕಿವಿ ಮಾತ್ರ ಯಾರ ಬಳಿಯೂ ಇರಲಿಲ್ಲ.

ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1864ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ತನ್ನ ಸಿದ್ಧಾಂತವನ್ನು ಇಟ್ಟಾಗ, ವಿದ್ಯುತ್ತು ಮತ್ತು ಕಾಂತತೆಗಳ ಅಲುಗಾಟವು ಬೆಳಕಿನ ವೇಗದಲ್ಲಿ ಅಲೆಯಾಗಿ ಹರಡಬೇಕೆಂಬುದು ಲೆಕ್ಕದಿಂದಲೇ ಹೊರಬಿದ್ದಿತ್ತು. ಆದರೆ ಅಂಥ ಅಲೆಯನ್ನು ಹಿಡಿದು ತೋರಿಸುವ ಮುನ್ನವೇ, 1879ರಲ್ಲಿ, ಮ್ಯಾಕ್ಸ್‌ವೆಲ್ ತೀರಿಕೊಂಡರು. ಹಿಡಿದು ತೋರಿಸಿದವರು ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಪ್ರಾಧ್ಯಾಪಕರಾಗಿದ್ದ ಹೈನ್‌ರಿಷ್ ಹರ್ಟ್ಸ್. 1886ರಿಂದ 1888ರವರೆಗೆ ಅವರು ನಡೆಸಿದ ಪ್ರಯೋಗಗಳಲ್ಲಿ ಕಳುಹಿಸುವ ಕಡೆ ದೊಡ್ಡ ಕಿಡಿ ಹಾರುತ್ತಿತ್ತು. ಗ್ರಹಿಸುವ ಕಡೆ ಇದ್ದದ್ದು ಬಳೆಯಂತೆ ಬಗ್ಗಿಸಿದ ಒಂದು ತಂತಿ ಮಾತ್ರ. ಆ ಬಳೆಯ ಎರಡು ತುದಿಗಳ ನಡುವೆ ತಿರುಪಿನಿಂದ ಹೆಚ್ಚು ಕಡಿಮೆ ಮಾಡಬಹುದಾದ ಕೂದಲೆಳೆಯಷ್ಟು ಸಂದು. ಕೋಣೆಯನ್ನು ಕತ್ತಲು ಮಾಡಿ, ಕಣ್ಣನ್ನು ಆ ಸಂದಿನ ಹತ್ತಿರ ಒಯ್ದು, ಅಲ್ಲಿ ಹೌದೋ ಅಲ್ಲವೋ ಎನ್ನುವಂತೆ ಮಿನುಗುವ ಕಿಡಿಗಾಗಿ ಅವರು ಕಾದು ಕೂರುತ್ತಿದ್ದರು. ಗೋಡೆಗೆ ಸತುವಿನ ತಗಡನ್ನು ನಿಲ್ಲಿಸಿ ಅಲೆಯನ್ನು ಹಿಂದಕ್ಕೆ ಹೊಡೆಯಿಸಿ, ಬಳೆಯನ್ನು ಹಿಡಿದುಕೊಂಡು ಕೋಣೆಯುದ್ದಕ್ಕೂ ನಡೆಯುತ್ತ, ಕಿಡಿ ಎಲ್ಲಿ ಜೋರಾಗುತ್ತದೆ, ಎಲ್ಲಿ ಅಡಗುತ್ತದೆ ಎಂದು ಗುರುತು ಹಾಕಿಕೊಂಡು ಅಲೆಯ ಉದ್ದವನ್ನು ಅಳೆದರು. ಮೊದಲ ರೇಡಿಯೊ ಗ್ರಾಹಕದ ಕೊನೆಯ ಭಾಗ ಹರ್ಟ್ಸ್ ಅವರ ಕಣ್ಣೇ ಆಗಿತ್ತು ಎನ್ನಬಹುದು. ಆ ಕಣ್ಣು ನಂಬಿದ ಬೆಳಕು ಕೆಲವು ಮೀಟರುಗಳಾಚೆ ಕಾಣುತ್ತಿರಲಿಲ್ಲ. ಹರ್ಟ್ಸ್ 1894ರ ಹೊಸವರ್ಷದ ದಿನ, ಕೇವಲ 36ನೆಯ ವಯಸ್ಸಿಗೆ, ಕಾಲವಾದರು.

ಉತ್ತಮವಾದ ಕಿವಿಯೊಂದು ಅಷ್ಟರಲ್ಲಿ ಪ್ಯಾರಿಸ್ಸಿನಲ್ಲಿ ತಯಾರಾಗಿತ್ತು, ಅದೂ ಬೇರೆಯೇ ಉದ್ದೇಶದಿಂದ. ಎದುವಾರ್ ಬ್ರಾನ್ಲಿ ಎಂಬ ಭೌತವಿಜ್ಞಾನಿ 1890ರಲ್ಲಿ ಗಾಜಿನ ಕೊಳವೆಯೊಂದರಲ್ಲಿ ಲೋಹದ ಪುಡಿಯನ್ನು ತುಂಬಿ ಅದರ ಮೂಲಕ ವಿದ್ಯುತ್ತು ಹರಿಸಲು ನೋಡಿದಾಗ, ಸಡಿಲವಾಗಿ ಬಿದ್ದುಕೊಂಡ ಪುಡಿ ವಿದ್ಯುತ್ತನ್ನು ಬಿಡುತ್ತಲೇ ಇರಲಿಲ್ಲ. ಹತ್ತಿರದಲ್ಲೆಲ್ಲಾದರೂ ಕಿಡಿ ಹಾರಿದರೆ ಮಾತ್ರ ಪುಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡಂತಾಗಿ ದಾರಿ ತೆರೆಯುತ್ತಿತ್ತು. ಕೊಳವೆಯನ್ನು ಬೆರಳಿನಿಂದ ತಟ್ಟಿದರೆ ಕಣಗಳು ಬಿಡಿಬಿಡಿಯಾಗಿ ದಾರಿ ಮತ್ತೆ ಮುಚ್ಚುತ್ತಿತ್ತು. ಇಂಗ್ಲೆಂಡಿನ ಆಲಿವರ್ ಲಾಡ್ಜ್ 1894ರಲ್ಲಿ ಹರ್ಟ್ಸ್ ಸ್ಮರಣೆಯ ಉಪನ್ಯಾಸದಲ್ಲಿ ಇದನ್ನು ಬಳಸಿ ತೋರಿಸಿದರು; ‘ಕೊಹೆರರ್’ ಎಂಬ ಹೆಸರೂ ಅವರದೇ.

ಇದನ್ನು ಓದಿ ಸುಮ್ಮನಿರಲಾರದೆ ನಾನೂ ಒಂದನ್ನು ಮಾಡಿದೆ. ಹಳೆಯ ಬಾಲ್‌ಪೆನ್ನಿನ ಪಾರದರ್ಶಕ ಕೊಳವೆ, ಎರಡು ತುದಿಗೆ ಎರಡು ಸ್ಕ್ರೂ, ನಡುವೆ ಮೊಳೆಯನ್ನು ಅರದಿಂದ ಉಜ್ಜಿ ಬಂದ ಒಂದು ಚಿಟಿಕೆ ಪುಡಿ, ಜೊತೆಗೆ ಎರಡು ಪೆನ್ಸಿಲ್ ಸೆಲ್ ಮತ್ತು ಒಂದು ಎಲ್‌ಇಡಿ. ಅಡುಗೆಮನೆಯಿಂದ ಗ್ಯಾಸ್ ಲೈಟರ್ ತಂದು ಒಂದು ಮೊಳ ದೂರದಲ್ಲಿ ಹಿಡಿದು ‘ಟಕ್’ ಎನ್ನಿಸಿದರೆ ದೀಪ ಹತ್ತಿಕೊಳ್ಳುತ್ತದೆ, ಹತ್ತಿಕೊಂಡು ಹಾಗೆಯೇ ಉಳಿಯುತ್ತದೆ. ಕೊಳವೆಯನ್ನು ಪೆನ್ಸಿಲಿನಿಂದ ತಟ್ಟಿದರೆ ಆರುತ್ತದೆ. ಸ್ಕ್ರೂವನ್ನು ಅರ್ಧ ಸುತ್ತು ಹೆಚ್ಚು ಬಿಗಿದರೆ ದೀಪ ಸದಾ ಉರಿಯುತ್ತದೆ, ಸಡಿಲಿಸಿದರೆ ಎಷ್ಟು ಟಕ್ ಎನ್ನಿಸಿದರೂ ಜಪ್ಪಯ್ಯ ಎನ್ನುವುದಿಲ್ಲ. ಒಂದು ಭಾನುವಾರವಿಡೀ ಇದರ ಮುಂದೆ ಕಳೆದ ಮೇಲೆ, ಇಂಥದೊಂದು ಹಟಮಾರಿ ಕೊಳವೆಯನ್ನು ನಂಬಿ ಸಮುದ್ರದ ಮೇಲೆ ಪ್ರಾಣ ಒತ್ತೆಯಿಟ್ಟವರ ಬಗ್ಗೆ ನನಗಿದ್ದ ಗೌರವ ಇಮ್ಮಡಿಯಾಯಿತು.

ಕೊಳವೆಯನ್ನು ಪ್ರತಿ ಸಲವೂ ಯಾರಾದರೂ ತಟ್ಟುತ್ತಿರಬೇಕಲ್ಲ? ಈ ತೊಡಕಿಗೆ ರಷ್ಯಾದ ಅಲೆಕ್ಸಾಂಡರ್ ಪೊಪೊವ್ ಕಂಡುಕೊಂಡ ಪರಿಹಾರ ನನಗೆ ಎಲ್ಲಕ್ಕಿಂತ ಅಚ್ಚುಮೆಚ್ಚು. 1895ರ ಮೇ 7ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅವರು ತೋರಿಸಿದ ಉಪಕರಣದಲ್ಲಿ ಅಲೆ ಬಂದೊಡನೆ ವಿದ್ಯುತ್ ಗಂಟೆಯ ಸುತ್ತಿಗೆ ಗಂಟೆಗೆ ಹೊಡೆಯುತ್ತಿತ್ತು, ಹಿಂದಿರುಗುವಾಗ ಅದೇ ಸುತ್ತಿಗೆ ಕೊಳವೆಗೂ ಒಂದು ಏಟು ಕೊಟ್ಟು ಅದನ್ನು ಮುಂದಿನ ಅಲೆಗೆ ಸಿದ್ಧಗೊಳಿಸುತ್ತಿತ್ತು. ಅವರು ಅದನ್ನು ಮೊದಲು ಬಳಸಿದ್ದು ದೂರದ ಸಿಡಿಲನ್ನು ದಾಖಲಿಸಲು. ಮಾವನ ಟ್ರಾನ್ಸಿಸ್ಟರ್ ಜಗಲಿಯಲ್ಲಿ ಮಾಡುತ್ತಿದ್ದುದೂ ಅದನ್ನೇ.

ಅದೇ ಕಾಲಕ್ಕೆ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸರು ಕೆಲವೇ ಮಿಲಿಮೀಟರ್ ಉದ್ದದ ಅಲೆಗಳ ಮೇಲೆ ಕೆಲಸ ಮಾಡುತ್ತಿದ್ದರು. ಗೋಡೆಯಾಚೆಯ ಗಂಟೆ ಬಾರಿಸಿ, ಸಿಡಿಮದ್ದು ಹೊತ್ತಿಸಿ ಸಭಿಕರಿಗೆ ತೋರಿಸಿದ್ದರು. ಅವರಿಗೆ ಸುದ್ದಿ ಕಳುಹಿಸುವುದಕ್ಕಿಂತ ಅಲೆಯ ಸ್ವಭಾವ ತಿಳಿಯುವುದೇ ಮುಖ್ಯವಾಗಿತ್ತು. ಆದರೂ ಕಿವಿಯ ವಿಷಯದಲ್ಲಿ ಅವರ ಕೊಡುಗೆ ದೊಡ್ಡದು. ಕಬ್ಬಿಣ ಮತ್ತು ಪಾದರಸದ ಸ್ಪರ್ಶದಿಂದ ಕೆಲಸ ಮಾಡುವ, ತಟ್ಟುವ ಗೊಡವೆಯೇ ಇಲ್ಲದ ಗ್ರಾಹಕವನ್ನು ಅವರು 1899ರಲ್ಲಿ ರಾಯಲ್ ಸೊಸೈಟಿಗೆ ಬರೆದ ಲೇಖನದಲ್ಲಿ ವಿವರಿಸಿದ್ದರು. ಗೆಲೀನ ಎಂಬ ಸೀಸದ ಅದುರಿನ ಹರಳನ್ನು ಬಳಸುವ ಗ್ರಾಹಕಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ರೇಡಿಯೊವನ್ನು ಬೋಸರೇ ಕಂಡುಹಿಡಿದರು, ಮಾರ್ಕೋನಿ ಕದ್ದರು ಎಂದು ವಾಟ್ಸಾಪಿನಲ್ಲಿ ಓಡಾಡುವ ಮಾತನ್ನು ನಾನು ಒಪ್ಪುವುದಿಲ್ಲ. ಅಷ್ಟೊಂದು ಕೈಗಳು ಸೇರಿ ಆದ ಕೆಲಸಕ್ಕೆ ಒಬ್ಬನೇ ಒಡೆಯನನ್ನು ಹುಡುಕುವ ಹಟ ಬೋಸರಿಗೂ ನ್ಯಾಯ ಒದಗಿಸುವುದಿಲ್ಲ.

ಗುಗ್ಲಿಯೆಲ್ಮೊ ಮಾರ್ಕೋನಿ ಇವರೆಲ್ಲರಿಗಿಂತ ಚಿಕ್ಕವರು, ಪದವಿಯಿಲ್ಲದವರು. ಇಟಲಿಯ ಬೊಲೊನ್ಯ ಸಮೀಪದ ತಂದೆಯ ಮನೆಯಲ್ಲಿ, 1895ರಲ್ಲಿ, 21ರ ಹರೆಯದಲ್ಲಿ, ಅವರು ಮಾಡಿದ ಮುಖ್ಯ ಕೆಲಸ ಎರಡು: ತಂತಿಯ ಒಂದು ತುದಿಯನ್ನು ಎತ್ತರಕ್ಕೇರಿಸಿ ಇನ್ನೊಂದನ್ನು ನೆಲದಲ್ಲಿ ಹೂತದ್ದು, ಮತ್ತು ಬ್ರಾನ್ಲಿಯ ಕೊಳವೆಯನ್ನು ತಾಳ್ಮೆಯಿಂದ ತಿದ್ದಿದ್ದು. ನೂರಾರು ಬೆರಕೆಗಳನ್ನು ಪರೀಕ್ಷಿಸಿ, ಬಹುಪಾಲು ನಿಕ್ಕಲ್, ಸ್ವಲ್ಪ ಬೆಳ್ಳಿ ಸೇರಿದ ಪುಡಿಯನ್ನು ಆರಿಸಿಕೊಂಡು, ಬೆಳ್ಳಿಯ ಎರಡು ಬಿರಡೆಗಳ ನಡುವಿನ ಕಿರಿದಾದ ಸಂದಿನಲ್ಲಿ ಅದನ್ನು ತುಂಬಿ, ಕೊಳವೆಯಿಂದ ಗಾಳಿಯನ್ನೂ ತೆಗೆದರು. ದಿಬ್ಬದಾಚೆಗೆ ಗ್ರಾಹಕವನ್ನು ಹೊತ್ತೊಯ್ದ ಅಣ್ಣ ಅಲ್ಫೊನ್ಸೊ, ಸಂಕೇತ ಮುಟ್ಟಿತೆಂದು ತಿಳಿಸಲು ಕೋವಿಯಿಂದ ಗುಂಡು ಹಾರಿಸಿದರೆಂಬ ಪ್ರಸಂಗ ಪ್ರಸಿದ್ಧವಾದದ್ದು. ಉತ್ತರ ಕೊಡಲು ಆಗ ಬೇರೆ ದಾರಿಯಾದರೂ ಏನಿತ್ತು? 1896ರಲ್ಲಿ ಅವರು ಲಂಡನ್ನಿಗೆ ಹೋಗಿ ಪೇಟೆಂಟಿಗೆ ಅರ್ಜಿ ಹಾಕಿದರು. 1897ರ ಮೇ ತಿಂಗಳಲ್ಲಿ ಬ್ರಿಸ್ಟಲ್ ಕಡಲ್ಗಾಲುವೆಯ ಫ್ಲಾಟ್ ಹೋಮ್ ದ್ವೀಪಕ್ಕೂ ಲ್ಯಾವೆರ್ನಾಕ್ ತೀರಕ್ಕೂ ನಡುವೆ ನೀರಿನ ಮೇಲೆ ಸಂದೇಶ ಹಾಯಿತು.

ಸಮುದ್ರದ ಮೇಲೆ ತಂತಿ ಎಳೆಯಲಾಗದು ಎಂಬುದೇ ಈ ವಿದ್ಯೆಗೆ ಮೊದಲ ಗಿರಾಕಿಯನ್ನು ಒದಗಿಸಿತು. ನೆಲದ ಮೇಲೆ ತಂತಿ ಕಚೇರಿಗಳು ಚೆನ್ನಾಗಿಯೇ ನಡೆಯುತ್ತಿದ್ದವು. ಬಂದರು ಬಿಟ್ಟ ಹಡಗು ಮಾತ್ರ ಇನ್ನೊಂದು ಬಂದರು ಮುಟ್ಟುವವರೆಗೆ ಲೋಕದ ಪಾಲಿಗೆ ಇಲ್ಲವೇ ಇಲ್ಲ. ಇಂಗ್ಲೆಂಡಿನ ಆಗ್ನೇಯ ಕರಾವಳಿಯಲ್ಲಿ ಗುಡ್‌ವಿನ್ ಎಂಬ ಮರಳುದಿಬ್ಬಗಳಿವೆ. ಹಡಗುಗಳನ್ನು ಎಚ್ಚರಿಸಲು ಅಲ್ಲಿ ದೀಪ ಹೊತ್ತ ನೌಕೆಗಳನ್ನು ಲಂಗರು ಹಾಕಿ ನಿಲ್ಲಿಸಿದ್ದರು. 1898ರ ಡಿಸೆಂಬರಿನಲ್ಲಿ ಅಂಥ ಒಂದು ದೀಪನೌಕೆಗೂ ದಡದ ಸೌತ್ ಫೋರ್‌ಲ್ಯಾಂಡ್ ದೀಪಸ್ತಂಭಕ್ಕೂ ನಿಸ್ತಂತು ಸಂಪರ್ಕ ಏರ್ಪಟ್ಟಿತು. 1899ರ ಮಾರ್ಚ್ 17ರಂದು ಎಲ್ಬ ಎಂಬ ಹಡಗು ದಿಬ್ಬಕ್ಕೇರಿದಾಗ ದೀಪನೌಕೆ ಆ ಸುದ್ದಿಯನ್ನು ದಡಕ್ಕೆ ಮುಟ್ಟಿಸಿ ರಕ್ಷಣಾ ದೋಣಿ ತರಿಸಿತು. ಮುಂದಿನ ತಿಂಗಳ ಕೊನೆಯಲ್ಲಿ ಇನ್ನೊಂದು ಹಡಗು ಆ ದೀಪನೌಕೆಗೇ ಬಂದು ಗುದ್ದಿತು. ಆಗ ಅದು ತನ್ನ ನೆರವಿಗಾಗಿ ತಾನೇ ಕರೆ ಕಳುಹಿಸಬೇಕಾಯಿತು. ನಮ್ಮ ದೇಶದಲ್ಲಿಯೂ ಮೊದಲ ನಿಸ್ತಂತು ನಿಲಯ ಬಂದದ್ದು ಕಡಲಿಗಾಗಿಯೇ: 1902ರಲ್ಲಿ, ಹೂಗ್ಲಿ ನದಿ ಸಮುದ್ರ ಸೇರುವಲ್ಲಿ, ಸಾಗರ ದ್ವೀಪಕ್ಕೂ ಸ್ಯಾಂಡ್‌ಹೆಡ್ಸ್‌ಗೂ ನಡುವೆ.

1901ರ ಡಿಸೆಂಬರ್ 12ರ ಪ್ರಸಂಗವನ್ನು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಇಂಗ್ಲೆಂಡಿನ ಪೋಲ್ಡ್ಯೂ ನಿಲಯದಿಂದ ಚುಕ್ಕೆ-ಗೆರೆಗಳ ಮೋರ್ಸ್ ಲಿಪಿಯಲ್ಲಿ ಮೂರು ಚುಕ್ಕೆಗಳ ‘ಎಸ್’ ಅಕ್ಷರವನ್ನು ಕಳುಹಿಸುತ್ತಲೇ ಇದ್ದರು. ಸುಮಾರು 3,500 ಕಿಲೋಮೀಟರ್ ದೂರದ ನ್ಯೂಫೌಂಡ್‌ಲ್ಯಾಂಡಿನ ಸಿಗ್ನಲ್ ಹಿಲ್‌ನಲ್ಲಿ, ಬಿರುಗಾಳಿಗೆ ತೊನೆದಾಡುವ ಗಾಳಿಪಟಕ್ಕೆ ತಂತಿ ಕಟ್ಟಿ ಹಾರಿಸಿ, ಮಾರ್ಕೋನಿ ಮತ್ತು ಸಹಾಯಕ ಕೆಂಪ್ ಟೆಲಿಫೋನಿನ ಕಿವಿಯನ್ನು ಕಿವಿಗೊತ್ತಿಕೊಂಡು ಕುಳಿತಿದ್ದರು. ಕೇಳಿಸಿತು ಎಂದರು. ಕಾಗದದ ಪಟ್ಟಿಯ ಮೇಲೆ ಗುರುತು ಮೂಡಿರಲಿಲ್ಲ, ಸಾಕ್ಷಿ ಎಂದರೆ ಇಬ್ಬರ ಕಿವಿ ಮಾತ್ರ. ಮುಂದಿನ ಫೆಬ್ರವರಿಯಲ್ಲಿ ಅವರು ಫಿಲಡೆಲ್ಫಿಯಾ ಎಂಬ ಹಡಗಿನಲ್ಲಿ ಗ್ರಾಹಕ ಇಟ್ಟುಕೊಂಡು ಪ್ರಯಾಣ ಮಾಡಿದಾಗ, ಕಾಗದದ ಮೇಲೆ ದಾಖಲೆಯೇನೋ ಸಿಕ್ಕಿತು. ಜೊತೆಗೆ ರಾತ್ರಿ ಬಹುದೂರ ಹೋಗುವ ಸಂಕೇತ ಹಗಲಿನಲ್ಲಿ ಅದರ ಅರ್ಧ ದೂರಕ್ಕೂ ತಲುಪದೆಂಬುದೂ ತಿಳಿಯಿತು. ಸಿಗ್ನಲ್ ಹಿಲ್‌ನಲ್ಲಿ ಕೇಳಿಸಿತೆಂದದ್ದು ನಡುಹಗಲಿನಲ್ಲಿ. ಅವರು ಸುಳ್ಳು ಹೇಳಿದರೆಂದು ನನಗೆ ಅನಿಸುವುದಿಲ್ಲ. ಆದರೆ ಮೂರು ‘ಚರ್’ಗಳಿಗಾಗಿಯೇ ಹಾತೊರೆಯುವ ಕಿವಿಗೆ ಸಿಡಿಲಿನ ಗದ್ದಲದೊಳಗೆ ಮೂರು ‘ಚರ್’ಗಳು ಸಿಕ್ಕಿಬಿಡುವುದು ಕಷ್ಟವಲ್ಲ ಎಂಬುದು ಜಗಲಿಯಲ್ಲಿ ಕುಳಿತ ನನ್ನ ಅನುಭವ.

ಕಿಡಿಗೆ ಇನ್ನೊಂದು ದೋಷವಿತ್ತು: ಅದರ ಅಲೆ ಅಗಲವಾಗಿ ಹರಡುತ್ತಿತ್ತು, ಹಾಗಾಗಿ ಯಾರಿಗೆ ಬೇಕಾದರೂ ಕೇಳಿಸುತ್ತಿತ್ತು. ತಮ್ಮ ಶ್ರುತಿ ಹೊಂದಿಸುವ ವ್ಯವಸ್ಥೆಯಿಂದ ಸಂದೇಶ ಗುಟ್ಟಾಗಿ ಹೋಗುತ್ತದೆಂದು ಮಾರ್ಕೋನಿ ಹೇಳಿಕೊಳ್ಳುತ್ತಿದ್ದರು. 1903ರ ಜೂನ್‌ನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಾರ್ಕೋನಿ ಕಂಪನಿಯ ಸಲಹೆಗಾರ ಜಾನ್ ಆಂಬ್ರೋಸ್ ಫ್ಲೆಮಿಂಗ್ ಇದನ್ನು ಸಭೆಗೆ ತೋರಿಸಲು ಸಿದ್ಧರಾಗುತ್ತಿದ್ದಂತೆ, ಉಪಕರಣವು ಪೋಲ್ಡ್ಯೂವಿನ ಗಂಭೀರ ಸಂದೇಶದ ಬದಲು ಇಂಗ್ಲಿಷಿನಲ್ಲಿ ‘ಇಲಿಗಳು’ ಎಂಬ ಪದವನ್ನು ಮತ್ತೆ ಮತ್ತೆ ಬಡಿಯತೊಡಗಿತು. ಬೆನ್ನಿಗೇ ಇಟಲಿಯ ಯುವಕನೊಬ್ಬ ಜನರಿಗೆ ಟೋಪಿ ಹಾಕಿದನೆಂಬ ಅಣಕು ಪದ್ಯ. ಕಳುಹಿಸುತ್ತಿದ್ದವರು ನೆವಿಲ್ ಮಾಸ್ಕಲಿನ್ ಎಂಬ ಜಾದೂಗಾರ. ಫ್ಲೆಮಿಂಗ್ ಕೋಪದಿಂದ ಪತ್ರಿಕೆಗೆ ಬರೆದರು. ಮಾಸ್ಕಲಿನ್ ತಾನೇ ಎಂದು ಒಪ್ಪಿಕೊಂಡು, ಗುಟ್ಟು ಗುಟ್ಟಲ್ಲವೆಂದು ತೋರಿಸಿದ್ದು ತಪ್ಪೇ ಎಂದು ಕೇಳಿದರು. ಇಂದು ಇದಕ್ಕೆ ಹ್ಯಾಕಿಂಗ್ ಎನ್ನುತ್ತೇವೆ.

ಹಡಗುಗಳಿಗೆ ನಿಸ್ತಂತು ಬಂದ ಮೇಲೆ ಅದನ್ನು ನಡೆಸುವ ಹುಡುಗರೂ ಬಂದರು. ಅವರಲ್ಲಿ ಬಹಳ ಮಂದಿ ಹಡಗಿನ ನೌಕರರಾಗಿರದೆ ಮಾರ್ಕೋನಿ ಕಂಪನಿಯ ಸಂಬಳದವರು. ಹಡಗಿನವರ ಬಾಯಲ್ಲಿ ಅವರ ಅಡ್ಡಹೆಸರು ‘ಸ್ಪಾರ್ಕ್ಸ್’, ಅಂದರೆ ಕಿಡಿ. ಕಿಡಿಯ ಕಾಲ ಮುಗಿದು ಎಷ್ಟೋ ದಶಕಗಳಾದ ಮೇಲೂ ನನ್ನ ಮಾವನನ್ನು ಕ್ಯಾಪ್ಟನ್‌ಗಳು ಕರೆಯುತ್ತಿದ್ದುದು ಹಾಗೆಯೇ. ಕಂಪನಿಗೆ ಲಾಭ ಬರುತ್ತಿದ್ದುದು ಪ್ರಯಾಣಿಕರ ಖಾಸಗಿ ತಂತಿ ಸಂದೇಶಗಳಿಂದ. ಅಪಾಯದ ಕರೆಗೆ ಮೊದಲು ಕಂಪನಿ ‘ಸಿಕ್ಯೂಡಿ’ ಎಂಬ ಗುರುತನ್ನು ಬಳಕೆಗೆ ತಂದಿತ್ತು. 1906ರ ಬರ್ಲಿನ್ ಸಮ್ಮೇಳನ ‘ಎಸ್‌ಓಎಸ್’ ಅನ್ನು ಒಪ್ಪಿ, 1908ರಿಂದ ಅದು ಜಾರಿಗೆ ಬಂದಿತು. ಆ ಮೂರು ಅಕ್ಷರಗಳಿಗೆ ಯಾವ ವಿಸ್ತರಣೆಯೂ ಇಲ್ಲ. ಮೂರು ಚುಕ್ಕೆ, ಮೂರು ಗೆರೆ, ಮೂರು ಚುಕ್ಕೆ ಎಂಬ ಲಯ ಎಂಥ ಗದ್ದಲದಲ್ಲೂ ಎದ್ದು ಕೇಳುತ್ತದೆಂಬುದೇ ಅದರ ಗುಣ. 1909ರ ಜನವರಿಯಲ್ಲಿ ರಿಪಬ್ಲಿಕ್ ಎಂಬ ಹಡಗು ಮಂಜಿನಲ್ಲಿ ಇನ್ನೊಂದಕ್ಕೆ ಡಿಕ್ಕಿಯಾದಾಗ, ಜ್ಯಾಕ್ ಬಿನ್ಸ್ ಎಂಬ ಆಪರೇಟರ್ ಮುರಿದ ಕೋಣೆಯಲ್ಲಿ ಕುಳಿತು ಕರೆ ಕಳುಹಿಸಿದ್ದರಿಂದ ಎರಡೂ ಹಡಗುಗಳ ನೂರಾರು ಜನ ಬದುಕುಳಿದರು. 1910ರಲ್ಲಿ, ಹೆಂಡತಿಯನ್ನು ಕೊಂದ ಆರೋಪ ಹೊತ್ತು ತಲೆತಪ್ಪಿಸಿಕೊಂಡಿದ್ದ ಡಾಕ್ಟರ್ ಕ್ರಿಪ್ಪನ್ ತನ್ನ ಹಡಗಿನಲ್ಲಿದ್ದಾನೆಂದು ಕ್ಯಾಪ್ಟನ್ ಕೆಂಡಲ್ ನಿಸ್ತಂತುವಿನಲ್ಲಿ ತಿಳಿಸಿದರು. ವೇಗದ ಇನ್ನೊಂದು ಹಡಗಿನಲ್ಲಿ ಮುಂದಾಗಿ ತಲುಪಿದ ಪೊಲೀಸರು ಕೆನಡಾದ ತೀರದಲ್ಲಿ ಅವನಿಗಾಗಿ ಕಾಯುತ್ತಿದ್ದರು.

ಟೈಟಾನಿಕ್‌ನ ಕತೆಯನ್ನು ಮತ್ತೆ ಪೂರ್ತಿಯಾಗಿ ಹೇಳಬೇಕಾಗಿಲ್ಲ. ಅದರಲ್ಲಿ ನನಗೆ ಮುಖ್ಯವಾದವರು ಮೂವರು ಆಪರೇಟರುಗಳು. 1912ರ ಏಪ್ರಿಲ್ 14ರ ರಾತ್ರಿ 25 ವರ್ಷದ ಜ್ಯಾಕ್ ಫಿಲಿಪ್ಸ್, ಯಂತ್ರ ಕೆಟ್ಟು ರಿಪೇರಿಯಾದ ಮೇಲೆ ರಾಶಿಬಿದ್ದಿದ್ದ ಪ್ರಯಾಣಿಕರ ತಂತಿಗಳನ್ನು ಕೇಪ್ ರೇಸ್ ನಿಲಯಕ್ಕೆ ಕಳುಹಿಸುತ್ತಿದ್ದರು. ಸಮೀಪದ ಕ್ಯಾಲಿಫೋರ್ನಿಯನ್ ಹಡಗಿನಿಂದ 20 ವರ್ಷದ ಸಿರಿಲ್ ಇವಾನ್ಸ್, ತಾವು ಮಂಜುಗಡ್ಡೆಗಳ ನಡುವೆ ನಿಂತಿದ್ದೇವೆಂದು ಹೇಳಲು ಕರೆದರು. ಹತ್ತಿರದ ಕಿಡಿ ಕಿವಿಗೆ ಬಡಿದಂತಾಗಿ ಫಿಲಿಪ್ಸ್ ಸುಮ್ಮನಿರುವಂತೆ ಗದರಿದರು. ಇವಾನ್ಸ್ ಬೇಸರಪಡಲಿಲ್ಲ, ಆ ವೃತ್ತಿಯಲ್ಲಿ ಅಂಥ ಮಾತು ದಿನನಿತ್ಯದ್ದು. ಬೆಳಗಿನಿಂದ ಒಬ್ಬನೇ ಕುಳಿತಿದ್ದ ಆ ಹುಡುಗ ಸುಮಾರು ಹನ್ನೊಂದೂವರೆಗೆ ಯಂತ್ರ ಆರಿಸಿ ಮಲಗಿದ. ಟೈಟಾನಿಕ್ ಮಂಜುಗಡ್ಡೆಗೆ ಬಡಿದದ್ದು 11 ಗಂಟೆ 40 ನಿಮಿಷಕ್ಕೆ. ಕಾರ್ಪೇಥಿಯ ಹಡಗಿನ ಹೆರಾಲ್ಡ್ ಕಾಟಮ್ ಕೂಡ ಮಲಗಲು ಹೊರಟಿದ್ದರು. ಬಟ್ಟೆ ಬದಲಿಸುವಾಗಲೂ ಹೆಡ್‌ಫೋನ್ ಕಿವಿಯಲ್ಲೇ ಇತ್ತು, ನಿಮಗೆ ತಂತಿಗಳು ಬಂದು ಕಾದಿವೆ ಎಂದು ತಿಳಿಸೋಣವೆಂದು ಟೈಟಾನಿಕ್ಕನ್ನು ಕರೆದರೆ, ಕೂಡಲೇ ಬನ್ನಿ ಎಂಬ ಉತ್ತರ ಬಂತು. 58 ಮೈಲಿ ದೂರದಿಂದ ಬಂದ ಆ ಹಡಗು ಏಳುನೂರಕ್ಕೂ ಹೆಚ್ಚು ಜನರನ್ನು ಎತ್ತಿಕೊಂಡಿತು. ಸುಮಾರು 1,500 ಜನ ಸತ್ತರು, ಫಿಲಿಪ್ಸ್ ಅವರಲ್ಲಿ ಒಬ್ಬರು.

ಇದಾದ ಮೇಲೆ ಬಂದ ಕಾನೂನುಗಳು ಬಹುಮಟ್ಟಿಗೆ ಕೇಳುವುದನ್ನು ಕುರಿತವು. ಪ್ರಯಾಣಿಕ ಹಡಗುಗಳಲ್ಲಿ ಹಗಲೂ ರಾತ್ರಿ ಯಾರಾದರೊಬ್ಬರು ಕಿವಿಗೊಟ್ಟಿರಬೇಕೆಂದು 1914ರ ಲಂಡನ್ ಒಪ್ಪಂದ ಹೇಳಿತು. ಕಾಲಕ್ರಮದಲ್ಲಿ, ಸಮುದ್ರದಲ್ಲಿರುವ ಎಲ್ಲ ಹಡಗುಗಳೂ ಅಪಾಯದ ಕರೆಗಳು ಬರುವ 500 ಕಿಲೋಹರ್ಟ್ಸ್ ಕಂಪನಾಂಕದಲ್ಲಿ ಪ್ರತಿ ಗಂಟೆಯ 15ರಿಂದ 18ನೆಯ ಮತ್ತು 45ರಿಂದ 48ನೆಯ ನಿಮಿಷದವರೆಗೆ ಮಾತು ನಿಲ್ಲಿಸಿ ಬರಿದೇ ಕೇಳಬೇಕೆಂಬ ಕಟ್ಟಳೆ ಬಂತು, ಕ್ಷೀಣವಾದ ಕರೆಯೊಂದು ಆ ಮೌನದಲ್ಲಾದರೂ ಕೇಳಿಸಲಿ ಎಂದು. ಆಪರೇಟರ್ ಮಲಗಿರುವ ಹಡಗುಗಳಿಗಾಗಿ, ನಾಲ್ಕು ನಾಲ್ಕು ಸೆಕೆಂಡಿನ 12 ಉದ್ದ ಗೆರೆಗಳನ್ನು ಕೇಳಿದರೆ ತಾನೇ ಗಂಟೆ ಬಾರಿಸುವ ಯಂತ್ರವೂ ಬಂತು. ಮಾತು, ಹಾಡು, ಪ್ರಸಾರ, 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಆರಂಭಿಸಿದ ‘ಆಕಾಶವಾಣಿ’, ಇವೆಲ್ಲವೂ ಕಿಡಿಯನ್ನು ಬಿಟ್ಟು ‘ವಾಲ್ವ್’ ಎಂಬ ನಿರ್ವಾತ ಕೊಳವೆ ಬಂದ ಮೇಲಿನ ಮಾತು.

ಮಾವ ಮೋರ್ಸ್ ಕಲಿಯುವವರಿಗೆ ಹೇಳುತ್ತಿದ್ದುದೊಂದೇ: “ಕಳ್ಸುಕೆ ಒಂದ್ ತಿಂಗ್ಳ್ ಸಾಕ್ ಮಾಣಿ, ಕೇಂಬುಕೆ ಒಂದ್ ವರ್ಷ ಬೇಕ್.” 1999ರ ಫೆಬ್ರವರಿ 1ರಿಂದ ಹಡಗುಗಳು ಹೊಸ ಉಪಗ್ರಹ ವ್ಯವಸ್ಥೆಗೆ ಪೂರ್ಣವಾಗಿ ಹೊರಳಿ, ಅವರ ಹುದ್ದೆಯೇ ಇಲ್ಲವಾಯಿತು. ಬರುವಾಗ, ಒಡೆಯಲು ಹೊರಟಿದ್ದ ಹಡಗೊಂದರ ರೇಡಿಯೊ ಕೋಣೆಯ ಹಿತ್ತಾಳೆ ಗಡಿಯಾರವನ್ನು ತಂದಿದ್ದರು. ಅದರ ಮುಖದ ಮೇಲೆ 15ರಿಂದ 18ರವರೆಗೆ ಮತ್ತು 45ರಿಂದ 48ರವರೆಗೆ ಎರಡು ಕೆಂಪು ಹೋಳುಗಳಿವೆ; ಅಂಚಿನ ಸುತ್ತ ನಾಲ್ಕು ಸೆಕೆಂಡಿನ ಗೆರೆಗಳಿಗೆ ಕೆಂಪು ಗುರುತುಗಳಿವೆ. ನಿವೃತ್ತರಾದ ಮೇಲೂ ಮುಳ್ಳು ಕೆಂಪಿಗೆ ಬಂದಾಗ ಅವರ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು, ಅತ್ತೆ ಅಷ್ಟರಲ್ಲಿ ತಮ್ಮ ಮಾತನ್ನು ಹೇಳಿ ಮುಗಿಸುತ್ತಿದ್ದರು. ಈಗ ಆ ಗಡಿಯಾರ ನನ್ನ ಮೇಜಿನ ಎದುರಿನ ಗೋಡೆಯಲ್ಲಿದೆ. ಎಂಟು ದಿನಕ್ಕೊಮ್ಮೆ ಕೀಲಿ ಕೊಡಬೇಕು. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ. ಹಡಗಿನಲ್ಲಿ ಅದನ್ನು ರೇಡಿಯೊದಲ್ಲಿ ಬರುವ ಸಮಯಸಂಕೇತ ಕೇಳಿ ತಿದ್ದುತ್ತಿದ್ದರಂತೆ, ನಾನು ಮೊಬೈಲ್ ನೋಡಿ ತಿದ್ದುತ್ತೇನೆ.